ಮಗಳಿಗೊಂದು ಪತ್ರ: ಕ್ರಯಪತ್ರದ ಆ ಷರತ್ತು

ಪ್ರೀತಿಯ ಪುಟ್ಟಿ,

ಮಿನಿಯಾಪೊಲಿಸ್‌ನಲ್ಲಿ ನೀವು ಕೊಳ್ಳಲಿರುವ ಮನೆಯ ಹಳೇ ಕ್ರಯಪತ್ರ ಪೂರ್ತಿ ಓದಿದೆ. ಅಳತೆ, ಚೆಕ್‌ಬಂದಿ ಎಲ್ಲಾ ಸರಿಯಾಗಿವೆ. ನಡುವೆ ಆ ಷರತ್ತು: ಈ ಸ್ವತ್ತನ್ನು ಬಿಳಿಯರಲ್ಲದವರಿಗೆ ಮಾರಕೂಡದು, ಬಾಡಿಗೆಗೂ ಕೊಡಕೂಡದು, ಮನೆಗೆಲಸದವರು ಇದಕ್ಕೆ ಹೊರತು. “ಈಗದು ನಡೆಯಲ್ಲ, ಬಿಡಮ್ಮಾ” ಅಂದೆ ನೀನು. ಕಾನೂನಿನ ಮಟ್ಟಿಗೆ ನಿನ್ನ ಮಾತು ನಿಜ. ಆದರೂ ನನಗೆ ಬಿಡಲಾಗುತ್ತಿಲ್ಲ.

ಆ ಕೊನೆಯ ತುಂಡನ್ನು ಇನ್ನೊಮ್ಮೆ ಓದು. ಕಪ್ಪು ಹೆಂಗಸೊಬ್ಬಳು ಆ ಮನೆಗೆ ಬಂದು ಅಡುಗೆ ಮಾಡಬಹುದು, ಅವರ ಮಗುವನ್ನು ಎತ್ತಿ ಆಡಿಸಬಹುದು, ರಾತ್ರಿ ಅಲ್ಲೇ ಮಲಗಲೂಬಹುದು. ತಾನು ದುಡಿದ ದುಡ್ಡು ಕೊಟ್ಟು ಪಕ್ಕದ ಮನೆ ಕೊಳ್ಳುವಂತಿಲ್ಲ. ವಕೀಲರು ಕೂತು, ಯೋಚನೆ ಮಾಡಿ ಬರೆದದ್ದು ಇದು.

ನಿಮ್ಮೂರಲ್ಲಿ ಇಂಥ ಷರತ್ತು 1910ರಲ್ಲೇ ಶುರುವಾಗಿತ್ತು. ಬಣ್ಣ ನೋಡಿ ಬೀದಿ ಹಂಚುವ ನಗರಗಳ ಕಾಯ್ದೆಯನ್ನು 1917ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದ ಮೇಲೆ ದೇಶದ ತುಂಬ ಇದೇ ದಾರಿಯಾಯಿತು. ಮಾರಿದವನು ಊರು ಬಿಟ್ಟರೂ ಷರತ್ತು ನೆಲಕ್ಕೆ ಅಂಟಿಕೊಂಡೇ ಇರುತ್ತಿತ್ತು. ಯಾರಾದರೂ ಮೀರಿದರೆ ನೆರೆಯವರೇ ದಾವೆ ಹೂಡುತ್ತಿದ್ದರು. 1934ರಲ್ಲಿ ಹುಟ್ಟಿದ ಫೆಡರಲ್ ಗೃಹ ಆಡಳಿತ ಎಂಬ ಸರ್ಕಾರಿ ಸಂಸ್ಥೆಯಂತೂ ಮನೆ ಸಾಲಕ್ಕೆ ವಿಮೆ ಕೊಡಲು ಇಂಥ ಷರತ್ತುಗಳನ್ನು ತನ್ನ ಕೈಪಿಡಿಯಲ್ಲೇ ಶಿಫಾರಸು ಮಾಡಿತು. ಕಪ್ಪು ಜನರಿಗೆ ಸಾಲವಿಲ್ಲ, ಮನೆಯಿಲ್ಲ, ಮಕ್ಕಳಿಗೆ ಬಿಟ್ಟುಹೋಗಲು ಆಸ್ತಿಯಿಲ್ಲ. ಷರತ್ತು ಸತ್ತರೂ ಆ ನಷ್ಟ ಮೊಮ್ಮಕ್ಕಳ ಕಾಲಕ್ಕೂ ತುಂಬಿಬಂದಿಲ್ಲ.

ಸೇಂಟ್ ಲೂಯಿಸ್‌ನ ಶೆಲ್ಲಿ ಎಂಬ ಕಪ್ಪು ಕುಟುಂಬ 1945ರಲ್ಲಿ ಇಂಥ ಷರತ್ತಿದ್ದ ಮನೆ ಕೊಂಡು ಕೋರ್ಟು ಹತ್ತಬೇಕಾಯಿತು. 1948ರಲ್ಲಿ ಅವರು ಗೆದ್ದರು. ಆದರೆ ಕೋರ್ಟು ಹೇಳಿದ್ದು, ಇಂಥ ಷರತ್ತನ್ನು ನ್ಯಾಯಾಲಯಗಳು ಜಾರಿ ಮಾಡಬಾರದು ಅಂತ ಮಾತ್ರ. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಭೇದ ಮಾಡುವುದನ್ನೇ ದೇಶದ ಕಾನೂನು ನಿಷೇಧಿಸಿದ್ದು 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಗಿ ಒಂದು ವಾರಕ್ಕೆ.

ಇದೆಲ್ಲ ಬೇರೆಯವರ ಕಥೆ ಅಂದುಕೊಳ್ಳಬೇಡ. ಅಮೆರಿಕದ ಸೇನೆಯಲ್ಲಿ ದುಡಿದಿದ್ದ ಭಗತ್ ಸಿಂಗ್ ಥಿಂಡ್ ಅವರಿಗೇ 1923ರಲ್ಲಿ ಸುಪ್ರೀಂ ಕೋರ್ಟ್, ನೀನು ಬಿಳಿಯನಲ್ಲ, ಪೌರತ್ವವಿಲ್ಲ ಅಂದಿತು. ಭಾರತದಿಂದ ಹೋಗಿದ್ದ ಬಾಗಾಯಿ ದಂಪತಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಕೊಂಡ ಮನೆಗೆ ಸಾಮಾನು ಹೊತ್ತು ಹೋದರೆ ನೆರೆಯವರು ಬೀಗ ಜಡಿದು ಒಳಗೆ ಬಿಡಲಿಲ್ಲ. ನಿನ್ನ ಕೈಯಲ್ಲಿರುವ ಪತ್ರ ನಿನ್ನನ್ನೂ ಹೊರಗಿಟ್ಟಿದೆ, ಮಗಳೇ. ನೀನಿವತ್ತು ಅಲ್ಲಿ ಸಹಿ ಹಾಕುವಂತಾಗಿದ್ದರೆ ಅದರ ಹಿಂದೆ ಕಪ್ಪು ಜನರ ಹೋರಾಟವಿದೆ.

ನಿಮ್ಮ ರಾಜ್ಯ ಮಿನ್ನೆಸೋಟದಲ್ಲಿ 2019ರ ಕಾನೂನಿನ ಪ್ರಕಾರ ಮನೆಯ ಮಾಲೀಕರು ಈ ಷರತ್ತನ್ನು ವಜಾ ಮಾಡುವ ಪತ್ರವನ್ನು ಕೌಂಟಿಯಲ್ಲಿ, ಅಂದರೆ ಅಲ್ಲಿನ ಜಿಲ್ಲೆಯಂಥ ಆಡಳಿತದ ಕಚೇರಿಯಲ್ಲಿ, ನೋಂದಾಯಿಸಬಹುದು. ಹಳೇ ಬರಹವನ್ನು ಅಳಿಸುವುದಿಲ್ಲ, ಅದು ದಾಖಲೆಯಲ್ಲೇ ಉಳಿಯುತ್ತದೆ. ಉಳಿಯಲೂಬೇಕು. ಅದರ ಜೊತೆ ನಿಮ್ಮಿಬ್ಬರ ಹೆಸರಲ್ಲಿ ಒಂದು ನಿರಾಕರಣೆಯೂ ಇರಲಿ. ಮನೆ ನಿಮ್ಮ ಹೆಸರಿಗಾದ ತಕ್ಷಣ ಮಾಡಿಸು, ಒಂದು ಪ್ರತಿ ನನಗೂ ಕಳಿಸು.

ನಿನ್ನ
ಅಮ್ಮ