ಶುಗರ್, ಬಿಪಿ ಕೇಳುವ ಫಾರ್ಮ್ ಇನ್ನೆರಡು ಪ್ರಶ್ನೆ ಕೇಳಲಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ.

ಅಣ್ಣ ತೀರಿಕೊಂಡ ಮೇಲೆ ಅವನ ಆಸ್ಪತ್ರೆಯ ಫೈಲ್ ನನ್ನ ಕೈಗೆ ಬಂತು. ನಾಲ್ಕು ವರ್ಷ ಖಿನ್ನತೆಗೆ ಚಿಕಿತ್ಸೆ ಪಡೆದವನ ಫೈಲ್. ಮೊದಲ ಹಾಳೆಯಲ್ಲಿ ಒಂದು ಫಾರ್ಮ್ ಇದೆ. ಮನೆಯಲ್ಲಿ ಯಾರಿಗಾದರೂ ಶುಗರ್ ಇದೆಯೇ? ಬಿಪಿ? ಹೃದಯದ ತೊಂದರೆ? ಮೂರಕ್ಕೂ ಅಣ್ಣ ಅಚ್ಚುಕಟ್ಟಾಗಿ ಟಿಕ್ ಹಾಕಿದ್ದಾನೆ. ಮುಂದಿನ ಹಾಳೆಗಳಲ್ಲಿ ನಿದ್ದೆ ಹೇಗಿದೆ, ಹಸಿವು ಹೇಗಿದೆ, ಮಾತ್ರೆ ಎಷ್ಟು ಮಿಲಿಗ್ರಾಂ. ಅಷ್ಟೇ. ಮನೆತನದಲ್ಲಿ ಯಾರಾದರೂ ಆತ್ಮಹತ್ಯೆ ಮಾಡಿಕೊಂಡಿದ್ದಾರಾ ಎಂದು ಎಲ್ಲೂ ಕೇಳಿಲ್ಲ. ಚಿಕ್ಕಂದಿನಲ್ಲಿ ನಿಮಗೆ ಏನಾಯಿತು ಎಂದೂ ಕೇಳಿಲ್ಲ.

ಕೇಳಿದ್ದರೆ ಅವನು ಉಳಿಯುತ್ತಿದ್ದ ಎಂದು ನಾನು ಹೇಳುವುದಿಲ್ಲ. ಒಂದು ಜೀವ ಹೋಗುವುದಕ್ಕೆ ಒಂದೇ ಕಾರಣ ಇರುವುದಿಲ್ಲ. ಆದರೆ ಆ ಎರಡೂ ಪ್ರಶ್ನೆಗೆ ಅಣ್ಣನ ಹತ್ತಿರ ಉತ್ತರ ಇತ್ತು. ನಮ್ಮ ಚಿಕ್ಕಪ್ಪ ಹಾಗೇ ಹೋದವರು. ಮನೆಯಲ್ಲಿ ಅವರ ಹೆಸರು ಎತ್ತುವಂತಿರಲಿಲ್ಲ.

ಇನ್ನು ಚಿಕ್ಕಂದಿನ ವಿಷಯ. ಅಪ್ಪ ಮನೆಗೆ ಬರುವ ಹೊತ್ತಿಗೆ ಗೇಟು ಕಿರ್ ಅನ್ನುತ್ತಿತ್ತು. ಆ ಸದ್ದು ಕೇಳಿದ್ದೇ ತಡ, ಅಣ್ಣ ಏನು ಮಾಡುತ್ತಿದ್ದರೂ ಬಿಟ್ಟು ಎದ್ದು ನಿಲ್ಲುತ್ತಿದ್ದ. ಬೆನ್ನು ಗೋಡೆಗೆ ಒತ್ತಿಕೊಂಡು. ಯಾವ ದಿನ ಏಟು, ಯಾವ ದಿನ ಬರೀ ಬೈಗುಳ ಎಂದು ಮುಂಚೆ ಗೊತ್ತಾಗುತ್ತಿರಲಿಲ್ಲ. ನಾನು ಚಿಕ್ಕವಳು ಅಂತ ತಪ್ಪಿಸಿಕೊಂಡೆ. ಒಂದೇ ಮನೆ, ಒಂದೇ ರಕ್ತ, ಏಟು ಮಾತ್ರ ಅವನ ಪಾಲಿಗೆ. ಅಪ್ಪ ಹೋಗಿ ಎಷ್ಟೋ ವರ್ಷವಾದ ಮೇಲೆ, ಅಣ್ಣನಿಗೆ ನಲವತ್ತು ದಾಟಿದ ಮೇಲೆ, ಒಂದು ಬೆಳಿಗ್ಗೆ ಅವನ ಮನೆಯಲ್ಲಿ ಕೂತು ಮಾತಾಡುತ್ತಿದ್ದೆವು. ಹೊರಗೆ ಗೇಟು ಸದ್ದಾಯಿತು. ಪೇಪರ್ ಹಾಕುವ ಹುಡುಗ. ನೋಡಿದರೆ ಅಣ್ಣ ಎದ್ದು ನಿಂತಿದ್ದ. ತಾನು ಎದ್ದಿದ್ದು ಅವನಿಗೇ ಗೊತ್ತಿರಲಿಲ್ಲ.

ಈ ಪತ್ರ ಬರೆಯುತ್ತಿರುವುದು ಅಣ್ಣನ ಮಗನಿಗಾಗಿ. ಅವನಿಗೀಗ ಹದಿನೇಳು. ಮೊನ್ನೆ ಕೇಳಿದ, "ಅತ್ತೆ, ಅಪ್ಪನ ಹಾಗೆ ನಂಗೂ ಆಗುತ್ತಾ?" ಸಂಬಂಧಿಕರು ಯಾರೋ ಅವನ ಎದುರಿಗೇ "ಇದು ವಂಶದಲ್ಲೇ ಇದೆ" ಅಂದಿದ್ದರಂತೆ. ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಸುಮ್ನೆ ತಲೆ ಸವರಿದೆ. ಆಮೇಲೆ ಓದಲು ಕೂತೆ. ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ, ಏಕೆಂದರೆ ಇದರಲ್ಲಿ ನಿಮ್ಮ ಕೈಯಲ್ಲಿರುವ ಕೆಲಸ ಬಹಳ ಇದೆ.

ವಂಶದ ಮಾತು ಪೂರ್ತಿ ಸುಳ್ಳಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಮಿಷ್ ಎಂಬ ಸಮುದಾಯ ಇದೆ. ಅಲ್ಲಿನ ನೂರು ವರ್ಷಗಳ ದಾಖಲೆ ತೆಗೆದು ನೋಡಿದ ಅಧ್ಯಯನ 1985ರಲ್ಲಿ ಪ್ರಕಟವಾಯಿತು. ನೂರು ವರ್ಷಕ್ಕೆ 26 ಆತ್ಮಹತ್ಯೆ. ಹೆಚ್ಚಿನವು ನಾಲ್ಕೇ ಮನೆತನಗಳಲ್ಲಿ. ನನ್ನನ್ನು ತಡೆದು ನಿಲ್ಲಿಸಿದ್ದು ಅದರ ಇನ್ನೊಂದು ಸಂಗತಿ. ಖಿನ್ನತೆ, ಬೈಪೋಲಾರ್ ಕಾಯಿಲೆ (ಮನಸ್ಸು ಒಮ್ಮೆ ಅತಿ ಉತ್ಸಾಹಕ್ಕೆ, ಒಮ್ಮೆ ಖಿನ್ನತೆಗೆ ಜಾರುವುದು) ಅಷ್ಟೇ ಇದ್ದ ಬೇರೆ ಮನೆತನಗಳೂ ಅಲ್ಲಿದ್ದವು. ಅವುಗಳಲ್ಲಿ ನೂರು ವರ್ಷದಲ್ಲಿ ಒಂದು ಆತ್ಮಹತ್ಯೆಯೂ ಆಗಿರಲಿಲ್ಲ! ಅಂದರೆ ಖಿನ್ನತೆ ಬರುವುದೇ ಬೇರೆ, ಖಿನ್ನತೆ ಬಂದವರು ಆ ಅಂಚಿಗೆ ಹೋಗುವುದೇ ಬೇರೆ. ಎರಡನ್ನೂ ಒಂದೇ ಎಂದು ನೋಡುವುದರಿಂದಲೇ ಎಷ್ಟೋ ಫೈಲ್‌ಗಳು ನನ್ನ ಅಣ್ಣನ ಫೈಲ್ ಥರ ಇರುತ್ತವೆ.

ಡೆನ್ಮಾರ್ಕ್‌ನಲ್ಲಿ ದತ್ತು ಹೋದವರ ಬಗ್ಗೆ ನಡೆದ ಅಧ್ಯಯನವೂ ವಂಶದ ಪಾಲು ಇದೆ ಎಂದೇ ಹೇಳುತ್ತದೆ. ಆತ್ಮಹತ್ಯೆ ಮಾಡಿಕೊಂಡ ದತ್ತುಮಕ್ಕಳ ಹೆತ್ತ ಕಡೆಯ ಸಂಬಂಧಿಕರಲ್ಲಿ, 269 ಜನರಲ್ಲಿ 12 ಜನ ಹಾಗೇ ಹೋಗಿದ್ದರು. ಹೋಲಿಕೆಗೆ ತೆಗೆದುಕೊಂಡ ಬೇರೆ ದತ್ತುಮಕ್ಕಳ ಹೆತ್ತ ಕಡೆಯ 269 ಜನರಲ್ಲಿ ಇಬ್ಬರು. ಇದು 1979ರ ವರದಿ. ಅವಳಿಗಳ ಮೇಲಿನ ಅಧ್ಯಯನಗಳ ಲೆಕ್ಕದಲ್ಲಿ ಆತ್ಮಹತ್ಯೆಯ ನಡವಳಿಕೆಯಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ 30ರಿಂದ 55 ಪರ್ಸೆಂಟ್ ಜೀನ್‌ಗಳಿಂದ ಬರುತ್ತದೆ. ಇದು ಇಡೀ ಸಮುದಾಯದ ಲೆಕ್ಕ. ಒಬ್ಬ ಹುಡುಗನಿಗೆ ಇಷ್ಟು ಪರ್ಸೆಂಟ್ ಅಪಾಯ ಎಂದು ಇದರಿಂದ ಹೇಳಲು ಬರುವುದಿಲ್ಲ.

ಉಳಿದ ಪಾಲು ಎಲ್ಲಿಂದ ಬರುತ್ತದೆ? ಇಲ್ಲಿ ಗೇಟಿನ ಸದ್ದು ಬರುತ್ತದೆ, ಸಚಿವರೇ.

ವಿನ್ಸೆಂಟ್ ಫೆಲಿಟಿ ಮತ್ತು ರಾಬರ್ಟ್ ಆಂಡಾ ಎಂಬ ಇಬ್ಬರು ವೈದ್ಯರು ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ದೊಡ್ಡವರಿಗೆ ಬಾಲ್ಯದ ಕಹಿ ಅನುಭವಗಳ ಬಗ್ಗೆ ಪ್ರಶ್ನೆ ಕೇಳಿದರು. ಹೊಡೆತ, ಲೈಂಗಿಕ ದೌರ್ಜನ್ಯ, ಹೀಯಾಳಿಕೆ, ಮನೆಯಲ್ಲಿ ಕುಡಿತ, ತಾಯಿಗೆ ಬೀಳುವ ಏಟು, ಇಂಥವು. ಮೊದಲ ವರದಿ ಬಂದಿದ್ದು 1998ರಲ್ಲಿ. 17 ಸಾವಿರಕ್ಕೂ ಹೆಚ್ಚು ಜನರ ಉತ್ತರ ಇಟ್ಟುಕೊಂಡು 2001ರಲ್ಲಿ ಆತ್ಮಹತ್ಯೆಯ ಪ್ರಯತ್ನದ ಬಗ್ಗೆಯೇ ಒಂದು ವರದಿ ಬಂತು. ಇಂಥ ಯಾವುದೇ ಒಂದು ಅನುಭವ ಇದ್ದರೂ ಜೀವನದಲ್ಲಿ ಎಂದಾದರೂ ಆತ್ಮಹತ್ಯೆಗೆ ಪ್ರಯತ್ನಿಸುವ ಅಪಾಯ 2ರಿಂದ 5 ಪಟ್ಟು ಜಾಸ್ತಿ. ಅನುಭವಗಳು ಒಂದರ ಮೇಲೊಂದು ಸೇರಿದಂತೆ ಅಪಾಯವೂ ಏರುತ್ತಾ ಹೋಗುತ್ತದೆ.

ಏಟು ನಿಂತು ಮೂವತ್ತು ವರ್ಷ ಆದ ಮೇಲೂ ಮೈ ಯಾಕೆ ಮರೆಯುವುದಿಲ್ಲ? ಒತ್ತಡ ಬಂದಾಗ ನಮ್ಮ ಮೈಯಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನ್ ಏರುತ್ತದೆ. ಅದು ಏರಿದ್ದು ಸಾಕು ಎಂದು ಮೆದುಳಿಗೆ ತಿಳಿಸಿ ಬ್ರೇಕ್ ಹಾಕುವ ವ್ಯವಸ್ಥೆಯೂ ಇದೆ. ಆ ಬ್ರೇಕಿನ ಒಂದು ಮುಖ್ಯ ಭಾಗವನ್ನು ತಯಾರಿಸುವ ಜೀನ್ ಎನ್‌ಆರ್3ಸಿ1. ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಆತ್ಮಹತ್ಯೆಯಿಂದ ತೀರಿಕೊಂಡವರ ಮೆದುಳನ್ನು ಪರೀಕ್ಷಿಸಿ 2009ರಲ್ಲಿ ಒಂದು ವರದಿ ಕೊಟ್ಟರು. ಬಾಲ್ಯದಲ್ಲಿ ದೌರ್ಜನ್ಯ ಅನುಭವಿಸಿದ್ದವರಲ್ಲಿ ಈ ಜೀನ್ ಮೇಲೆ ಒಂದು ರಾಸಾಯನಿಕ ಗುರುತು ಹೆಚ್ಚಾಗಿತ್ತು, ಜೀನಿನ ಕೆಲಸ ಕಡಿಮೆಯಾಗಿತ್ತು. ಆತ್ಮಹತ್ಯೆಯಿಂದಲೇ ಹೋದರೂ ದೌರ್ಜನ್ಯ ಅನುಭವಿಸದವರಲ್ಲಿ ಹಾಗಿರಲಿಲ್ಲ. ಒಂದೊಂದು ಗುಂಪಿನಲ್ಲಿ 12 ಜನ ಮಾತ್ರ, ಹಾಗಾಗಿ ಇದೇ ಕೊನೆಯ ಮಾತು ಎನ್ನಲಾಗದು. ಆದರೆ ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಗೋಡೆಗೆ ಬೆನ್ನು ಒತ್ತಿಕೊಂಡು ನಿಂತ ಹುಡುಗ.

ಎಫ್‌ಕೆಬಿಪಿ5 ಎಂಬ ಇನ್ನೊಂದು ಜೀನ್ ಇದೆ, ಅದೂ ಇದೇ ಬ್ರೇಕಿಗೆ ಸೇರಿದ್ದು. ಅದರ ಒಂದು ಬಗೆ ಹುಟ್ಟಿನಿಂದ ಇದ್ದು, ಜೊತೆಗೆ ಬಾಲ್ಯದಲ್ಲಿ ಆಘಾತವೂ ಆದಾಗ, ಆ ಜೀನಿನ ಮೇಲಿನ ಗುರುತುಗಳು ಬದಲಾಗುತ್ತವೆ ಎಂದು 2013ರಲ್ಲಿ ಒಂದು ತಂಡ ತೋರಿಸಿತು. ಆಘಾತ ಇಲ್ಲದಿದ್ದರೆ ಆ ಬದಲಾವಣೆ ಕಾಣಲಿಲ್ಲ. ಹುಟ್ಟಿನಿಂದ ಬಂದದ್ದು ಮತ್ತು ಮನೆಯಲ್ಲಿ ನಡೆದದ್ದು ಹೀಗೆ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ.

ಇಲ್ಲಿ ನಿಮ್ಮನ್ನು ಎಚ್ಚರಿಸಬೇಕು. "ಆತ್ಮಹತ್ಯೆಯ ಜೀನ್ ಪತ್ತೆ ಮಾಡುವ ಕಿಟ್ ಇದೆ, ಎಲ್ಲರಿಗೂ ಮಾಡಿಸೋಣ" ಎಂದು ಯಾರಾದರೂ ನಿಮ್ಮ ಮೇಜಿಗೆ ಬಂದರೆ ದಯವಿಟ್ಟು ಹಣ ಕೊಡಬೇಡಿ. ನ್ಯೂಜಿಲೆಂಡ್‌ನ ಡುನೆಡಿನ್‌ನಲ್ಲಿ 1972-73ರಲ್ಲಿ ಹುಟ್ಟಿದ ಸುಮಾರು ಸಾವಿರ ಮಕ್ಕಳನ್ನು ಹುಟ್ಟಿನಿಂದ ಗಮನಿಸುತ್ತಾ ಬಂದವರು, ಸೆರೊಟೋನಿನ್ ಎಂಬ ಮೆದುಳಿನ ರಾಸಾಯನಿಕಕ್ಕೆ ಸಂಬಂಧಪಟ್ಟ ಒಂದು ಜೀನ್ ಮತ್ತು ಕಷ್ಟದ ಅನುಭವ ಎರಡೂ ಸೇರಿದರೆ ಖಿನ್ನತೆ ಹೆಚ್ಚು ಎಂದು 2003ರಲ್ಲಿ ಹೇಳಿದ್ದರು. ಜಗತ್ತೆಲ್ಲ ಅದರ ಮಾತಾಡಿತು. 2009ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಆ ಮಾತು ನಿಜವೆಂದು ನಿಲ್ಲಲಿಲ್ಲ. 2019ರಲ್ಲಿ ಲಕ್ಷಗಟ್ಟಲೆ ಜನರ ಮಾಹಿತಿ ಇಟ್ಟುಕೊಂಡು ಅಂಥ 18 ಪ್ರಸಿದ್ಧ ಜೀನ್‌ಗಳನ್ನು ಪರೀಕ್ಷಿಸಿದಾಗಲೂ ನಿಲ್ಲಲಿಲ್ಲ. ಅಪಾಯ ನೂರಾರು ಜೀನ್‌ಗಳಲ್ಲಿ ಚೂರು ಚೂರಾಗಿ ಹರಡಿಕೊಂಡಿದೆ. ರಕ್ತ ತೆಗೆದು "ಈ ಹುಡುಗ ಹೀಗೇ" ಎನ್ನುವ ಪರೀಕ್ಷೆ ಇಂದಿಗೂ ಇಲ್ಲ. ಇದೆ ಎಂದು ನಂಬಿಸಿದರೆ ನನ್ನ ಅಳಿಯನಂಥ ಮಕ್ಕಳಿಗೆ ಹಣೆಪಟ್ಟಿ ಬೀಳುತ್ತದೆ. ಕೆಲಸ, ವಿಮೆ, ಮದುವೆ ಎಲ್ಲ ಕಡೆ ಅದು ಹಿಂದೆಯೇ ಬರುತ್ತದೆ. ಅದನ್ನು ತಡೆಯುವ ಕಾನೂನು ಮೊದಲು ಬೇಕು.

ಬಾಲ್ಯವನ್ನು ಕೇಳಿ ತಿಳಿಯಲು ಮಾತ್ರ ಯಾವ ಯಂತ್ರವೂ ಬೇಕಿಲ್ಲ. ಬೇಕಾದ್ದು ಒಂದು ಕುರ್ಚಿ, ಮುಚ್ಚುವ ಬಾಗಿಲು, ಗಡಿಬಿಡಿ ಇಲ್ಲದ ಇಪ್ಪತ್ತು ನಿಮಿಷ. ಕಾರಿಡಾರ್‌ನಲ್ಲಿ ಸಾಲು ನಿಂತಿರುವಾಗ ಯಾರೂ ಇಂಥದ್ದನ್ನು ಬಾಯಿಬಿಡುವುದಿಲ್ಲ. ಡಾಕ್ಟರನ್ನು ದೂರಿ ಪ್ರಯೋಜನವಿಲ್ಲ, ಒಬ್ಬೊಬ್ಬರಿಗೆ ಐದು ನಿಮಿಷ ಎಂದು ಕೂರಿಸಿದರೆ ಅವರಾದರೂ ಏನು ಕೇಳಿಯಾರು? ಆ ಸಮಯವನ್ನು ಕೊಡುವುದು ನಿಮ್ಮ ಇಲಾಖೆಯ ಕೆಲಸ.

ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಎಂಬ ಭಯ ಎಲ್ಲರಿಗೂ ಇದೆ. ನನಗೂ ಇತ್ತು, ಅದಕ್ಕೇ ಅಣ್ಣನನ್ನು ಬಾಯಿಬಿಟ್ಟು ಕೇಳಲಿಲ್ಲ. ನ್ಯೂಯಾರ್ಕ್ ರಾಜ್ಯದ ಹೈಸ್ಕೂಲುಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ಇದನ್ನೇ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ್ದಾರೆ. ಆತ್ಮಹತ್ಯೆಯ ಬಗ್ಗೆ ಕೇಳಿದ್ದರಿಂದ ಮಕ್ಕಳ ಸಂಕಟವೂ ಹೆಚ್ಚಲಿಲ್ಲ, ಅಂಥ ಯೋಚನೆಯೂ ಹೆಚ್ಚಲಿಲ್ಲ. ಇದು ನನಗೆ ಆಗ ಗೊತ್ತಿರಬೇಕಿತ್ತು.

ಕೇಳಿ ಏನು ಮಾಡುವುದು ಎಂದು ನಿಮ್ಮ ಅಧಿಕಾರಿಗಳು ಕೇಳಬಹುದು. ಬಾಲ್ಯದ ಆಘಾತ ಇದೆ ಎಂದು ಗೊತ್ತಾದರೆ ಮಾತ್ರೆಯ ಜೊತೆ ಮಾತಿನ ಚಿಕಿತ್ಸೆಯ ಬಗ್ಗೆಯೂ ಮೊದಲ ದಿನದಿಂದ ಯೋಚಿಸಬಹುದು. ಅಂಥವರಿಗೆ ಚಿಕಿತ್ಸೆ ಹಿಡಿಯುವುದಿಲ್ಲ ಎಂಬ ನಂಬಿಕೆಯೂ ತಪ್ಪು. 2022ರಲ್ಲಿ 29 ಅಧ್ಯಯನಗಳನ್ನು ಸೇರಿಸಿ ನೋಡಿದಾಗ, ಖಿನ್ನತೆ ಇದ್ದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಬಾಲ್ಯದ ಆಘಾತ ಇತ್ತು. ಚಿಕಿತ್ಸೆಯಿಂದ ಅವರಿಗೂ ಉಳಿದವರಷ್ಟೇ ಲಾಭ ಆಗಿತ್ತು. ಇದು ಬಹಿರಂಗ ಪತ್ರ, ಸಂಕಟದಲ್ಲಿರುವವರೂ ಓದುತ್ತಿರಬಹುದು. ಹಾಗಿದ್ದರೆ ನಿಮಗೂ ಹೇಳುತ್ತೇನೆ: ಚಿಕಿತ್ಸೆ ನಾಟುತ್ತದೆ. ಇವತ್ತೇ ಹತ್ತಿರದ ಒಬ್ಬರಿಗೆ ಹೇಳಿ, ಇಲ್ಲವೇ ಸಹಾಯವಾಣಿಗೆ ಫೋನ್ ಮಾಡಿ. ಒಬ್ಬರೇ ಇರಬೇಡಿ.

ಇನ್ನೊಂದು ವಿಷಯ, ಇದು ನನಗೆ ಬರೆಯಲು ಕಷ್ಟ. ಆಸ್ಪತ್ರೆಯಿಂದ ಬಿಡುಗಡೆ ಮಾಡಿದಾಗ ಅಣ್ಣನಿಗೆ "ಒಂದು ತಿಂಗಳು ಬಿಟ್ಟು ಬನ್ನಿ" ಎಂದರು. ಆ ತಿಂಗಳು ಮುಗಿಯಲಿಲ್ಲ. ಮನೋರೋಗ ವಿಭಾಗದಿಂದ ಮನೆಗೆ ಹೋದ ಮೊದಲ ವಾರಗಳೇ ಅತಿ ಅಪಾಯದವು ಎಂಬುದು ವೈದ್ಯಲೋಕಕ್ಕೆ ಬಹಳ ಹಿಂದಿನಿಂದ ಗೊತ್ತಿದೆ. ಮೊದಲ ವಾರದಲ್ಲೇ ಒಂದು ಭೇಟಿ, ನಡುವೆ ಒಂದೆರಡು ಫೋನ್. ಇದನ್ನು ನಿಯಮ ಮಾಡಿ.

ಮತ್ತೆ, ಏಟು ಬೀಳುವ ಮೊದಲೇ ಆ ಮನೆಗೆ ಯಾರಾದರೂ ಹೋಗುವಂತಾಗಬೇಕು. ನ್ಯೂಯಾರ್ಕ್ ರಾಜ್ಯದ ಎಲ್ಮೈರಾ ಎಂಬಲ್ಲಿ ಚೊಚ್ಚಲ ಗರ್ಭಿಣಿಯರ ಮನೆಗೆ ನರ್ಸ್‌ಗಳು ಹೋಗಿ, ಮಗುವಿಗೆ ಎರಡು ವರ್ಷ ಆಗುವವರೆಗೂ ಜೊತೆಗಿದ್ದರು. ಹದಿನೈದು ವರ್ಷದ ನಂತರ ನೋಡಿದರೆ, ಆ ಮನೆಗಳಲ್ಲಿ ಮಕ್ಕಳ ಮೇಲಿನ ದೌರ್ಜನ್ಯ ಮತ್ತು ಕಡೆಗಣನೆಯ ಪ್ರಕರಣ ಸುಮಾರು ಅರ್ಧಕ್ಕೆ ಇಳಿದಿತ್ತು. ಜೀನ್ ಬದಲಿಸಲು ನಿಮಗೆ ಆಗುವುದಿಲ್ಲ. ಇದು ಆಗುತ್ತದೆ.

ಅಳಿಯನಿಗೆ ಕೊನೆಗೂ ಉತ್ತರ ಹೇಳಿದೆ. "ನಿನ್ನ ಅಪಾಯ ಬೇರೆಯವರಿಗಿಂತ ಸ್ವಲ್ಪ ಜಾಸ್ತಿ ಇರಬಹುದು ಕಣೋ. ಆದರೆ ನಮ್ಮಂಥ ಮನೆಗಳ ಹೆಚ್ಚಿನ ಮಕ್ಕಳು ಚೆನ್ನಾಗೇ ಬದುಕುತ್ತಾರೆ. ನಿನ್ನಪ್ಪ ನಿನ್ನ ಮೇಲೆ ಒಂದು ದಿನವೂ ಕೈ ಎತ್ತಲಿಲ್ಲ, ಗೊತ್ತಲ್ವಾ?" ಅವನು ಹೌದು ಎಂದು ತಲೆಯಾಡಿಸಿದ. ಆಮೇಲೆ ಬಹಳ ಹೊತ್ತು ಅತ್ತ. ಡಾಕ್ಟರ ಹತ್ತಿರ ಜೊತೆಗೆ ಹೋಗೋಣ ಎಂದಿದ್ದೇನೆ, ಒಪ್ಪಿದ್ದಾನೆ. ಅಲ್ಲಿ ಅವನಿಗೂ ಒಂದು ಫಾರ್ಮ್ ಕೊಡುತ್ತಾರೆ.

ಅಣ್ಣನ ಫಾರ್ಮಿನ ಜೆರಾಕ್ಸ್ ಈ ಪತ್ರದ ಜೊತೆ ಇಟ್ಟಿದ್ದೇನೆ, ಹೆಸರು ಮುಚ್ಚಿದ್ದೇನೆ. ಶುಗರ್, ಬಿಪಿ, ಹೃದಯ ಎಂದು ಬರೆದಿರುವ ಕೆಳಗೆ ಖಾಲಿ ಜಾಗ ಇದೆ ನೋಡಿ. ಎರಡು ಸಾಲು ಹಿಡಿಯುತ್ತದೆ.

ಇಂತಿ,
ಒಬ್ಬ ತಂಗಿ