ಮರದ ಶಿಲ್ಪಕ್ಕೆ ಕಲ್ಲಿನ ಪೀಠ ಕೊಡಿ

ಚಿಕ್ಕಮಗಳೂರಿನ ಮಳೆಯಲ್ಲಿ ನಿಲ್ಲಬೇಕಾದ ಮರದ ಶಿಲ್ಪಗಳನ್ನು ಬುಡಸಮೇತ ಕಾಂಕ್ರೀಟಿನಲ್ಲಿ ಹೂಳುವ ಪದ್ಧತಿಯನ್ನು ಕೈಬಿಡಬೇಕು. ಎಲೆ, ಬೀಜ, ಹಕ್ಕಿಯ ರೂಪವನ್ನು ಹೊಸ ಕಣ್ಣಿನಿಂದ ಕಂಡು ಕಡೆದ ಎಂಥ ಒಳ್ಳೆಯ ಕೃತಿಯೂ ಹೀಗೆ ಹೂತರೆ ಬುಡದಿಂದ ಲಡ್ಡು ಹಿಡಿಯುತ್ತದೆ. ಅಡ್ಡ ಕೊಯ್ದ ಮುಖ ನೀರು ಹೀರುತ್ತದೆ. ಸುತ್ತಲಿನ ಕಾಂಕ್ರೀಟು ಅದನ್ನು ಬಟ್ಟಲಿನಂತೆ ಹಿಡಿದಿಡುತ್ತದೆ. ಮೇಲೆ ಗಟ್ಟಿಯಾಗಿ ಕಾಣುವ ಶಿಲ್ಪ ನೆಲಮಟ್ಟದಲ್ಲಿ ಬೆರಳು ಒತ್ತಿದರೆ ಪುಡಿ ಉದುರಿಸುತ್ತದೆ. ವಾರ್ನಿಷ್ ಬಳಿದರೆ ಸಾಕೆಂಬ ನಂಬಿಕೆಯೂ ತಪ್ಪು. ಮರ ಹಿಗ್ಗಿ ಕುಗ್ಗುವಾಗ ಆ ಪದರ ಬಿರಿಯುತ್ತದೆ, ಒಳಹೊಕ್ಕ ತೇವ ಹೊರಬರಲಾಗದೆ ಉಳಿಯುತ್ತದೆ.

ಕಾಫಿ ತೋಟಗಳಲ್ಲಿ ಸುಲಭವಾಗಿ ಸಿಗುವ ಸಿಲ್ವರ್ ಓಕ್ ಬಯಲಿಗೆ ಬಾಳದು. ಸಾಗುವಾನಿ, ಹಲಸಿನ ಚೇಗು, ಅಂದರೆ ಗಟ್ಟಿಯಾದ ಒಳಮರ, ಲೇಸು. ಇಡೀ ದಿಮ್ಮಿಯಾದರೆ ಹಿಂಬದಿಯಲ್ಲಿ ಉದ್ದಕ್ಕೂ, ನಡುತಿರುಳಿನವರೆಗೆ, ಗರಗಸದ ಒಂದು ಸೀಳು ಕೊಡಬೇಕು. ಒಣಗುವಾಗ ಬಿರುಕು ಬಹುಪಾಲು ಅಲ್ಲೇ ತೆರೆದುಕೊಂಡು, ಕೆತ್ತಿದ ಮುಂಭಾಗ ಉಳಿಯುತ್ತದೆ.

ಶಿಲ್ಪ ಶಿಬಿರ ಏರ್ಪಡಿಸುವವರು ಗ್ರಾನೈಟ್ ಪೀಠಕ್ಕೂ ವಾರ್ಷಿಕ ನಿರ್ವಹಣೆಗೂ ಮೊದಲೇ ಹಣ ತೆಗೆದಿರಿಸಲಿ. ಪೀಠಕ್ಕೂ ಮರಕ್ಕೂ ನಡುವೆ 2–3 ಸೆಂ.ಮೀ. ಗಾಳಿಯಾಡುವ ಸಂದು ಬಿಟ್ಟು, ಸ್ಟೇನ್‌ಲೆಸ್ ಸ್ಟೀಲ್ ಸರಳುಗಳ ಮೇಲೆ ಶಿಲ್ಪವನ್ನು ನಿಲ್ಲಿಸಲಿ. ಮರ ಚೆನ್ನಾಗಿ ಒಣಗಿರುವ ಬೇಸಿಗೆಯಲ್ಲಿ, ಪ್ರತಿ ವರ್ಷ, ಅಗಸೆ ಎಣ್ಣೆ ಬಳಿಸಲಿ.

– ಓದುಗ, ಚಿಕ್ಕಮಗಳೂರು