ಮೂರಡಿ ಎದ್ದ ಹಾರುವ ತಟ್ಟೆ

ಸ್ನೇಹಿತರೇ,

ಟೊರಾಂಟೊದ ನಮ್ಮ ಪಿಯರ್ಸನ್ ವಿಮಾನ ನಿಲ್ದಾಣಕ್ಕೆ ಹಿಂದೆ ಮಾಲ್ಟನ್ ಅಂತ ಹೆಸರು. ಅದರ ಪಕ್ಕದಲ್ಲೇ ಇದ್ದ ಆವ್ರೋ ಕೆನಡಾ ಕಾರ್ಖಾನೆಯ ಮಾತು ಬಂದರೆ ಸಾಕು, ಎಲ್ಲರೂ ಆ್ಯರೋ ಯುದ್ಧವಿಮಾನದ ಕಥೆ ತೆಗೆಯುತ್ತಾರೆ. 1959ರ ಫೆಬ್ರವರಿಯಲ್ಲಿ ಸರ್ಕಾರ ಅದನ್ನು ನಿಲ್ಲಿಸಿದ್ದು, ಸಾವಿರಾರು ಜನ ಒಂದೇ ದಿನ ಕೆಲಸ ಕಳೆದುಕೊಂಡಿದ್ದು ಇಲ್ಲಿನವರು ಇಂದಿಗೂ ಮರೆತಿಲ್ಲ. ಅದೇ ವರ್ಷ ಅದೇ ಜಾಗದಲ್ಲಿ ಒಂದು ಹಾರುವ ತಟ್ಟೆಯೂ ನೆಲ ಬಿಟ್ಟು ಎದ್ದಿತ್ತು. ನಿಜವಾದದ್ದೇ, ಬೇರೆ ಗ್ರಹದ್ದಲ್ಲ!

ಹೆಸರು ಆವ್ರೋಕಾರ್. ರೂಪಿಸಿದವರು ಇಂಗ್ಲೆಂಡಿನಿಂದ ಬಂದ ಎಂಜಿನಿಯರ್ ಜಾನ್ ಫ್ರಾಸ್ಟ್. ಅವರ ತಟ್ಟೆ ವಿಮಾನದ ಕೆಲಸಕ್ಕೆ ಮೊದಲು ದುಡ್ಡು ಹಾಕಿದ್ದು ಕೆನಡಾ ಸರ್ಕಾರ. ಅದು ಕೈಬಿಟ್ಟ ಮೇಲೆ ಅಮೆರಿಕದವರು ಎತ್ತಿಕೊಂಡರು. ಯಂತ್ರ 18 ಅಡಿ ಅಗಲ, ದುಂಡಗೆ. ಒಳಗೆ 3 ಜೆಟ್ ಎಂಜಿನ್. ಅವು ಉಗುಳುವ ಬಿಸಿ ಗಾಳಿಗೆ ನಡುವಿನ 5 ಅಡಿ ಫ್ಯಾನ್ ತಿರುಗಬೇಕು, ಫ್ಯಾನಿನ ಗಾಳಿ ಸುತ್ತಲಿನ ಅಂಚಿನಿಂದ ಕೆಳಕ್ಕೆ ನುಗ್ಗಿ ಇಡೀ ತಟ್ಟೆಯನ್ನು ಎತ್ತಬೇಕು. ಗಂಟೆಗೆ 300 ಮೈಲಿ ವೇಗ, 10,000 ಅಡಿ ಎತ್ತರ ಅಂತ ಕಾಗದದ ಮೇಲೆ ಲೆಕ್ಕ.

ನವೆಂಬರ್ 12ರಂದು ಪೈಲಟ್ ಸ್ಪಡ್ ಪೊಟೋಕಿ ಅದನ್ನು ಹಗ್ಗದ ಕಟ್ಟಿಲ್ಲದೆ ಮೇಲೆಬ್ಬಿಸಿದರು. ಮೂರಡಿವರೆಗೂ ಪರವಾಗಿಲ್ಲ, ಕೆಳಗೆ ಗಾಳಿಯ ಮೆತ್ತೆ ಸಿಗುತ್ತಿತ್ತು. ಅಲ್ಲಿಂದ ಮೇಲೆ ಮೆತ್ತೆ ಚದುರಿಹೋಗಿ, ಅಡುಗೆಮನೆಯಲ್ಲಿ ಕೈಜಾರಿ ಬಿದ್ದ ಸ್ಟೀಲ್ ತಟ್ಟೆಯ ಹಾಗೆ ಗಿರಗಿರ ಓಲಾಡುತ್ತಿತ್ತು. ಸಾಲದ್ದಕ್ಕೆ ಒಂದೇ ದಿಕ್ಕಿಗೆ ಸುತ್ತುವ ಆ ದೊಡ್ಡ ಫ್ಯಾನಿನ ಕಾಟ. ಎಡಕ್ಕೆ 90 ಡಿಗ್ರಿ ತಿರುಗಲು 5 ಸೆಕೆಂಡ್ ಸಾಕು, ಬಲಕ್ಕೆ 11 ಬೇಕಿತ್ತಂತೆ. ಗಾಳಿ ಹೋಗುವ ದಾರಿಯನ್ನೇ ಬದಲಿಸಿ ನೋಡಿದರು, ನಾಸಾದ ಗಾಳಿಸುರಂಗದಲ್ಲೂ ಇಟ್ಟು ಪರೀಕ್ಷಿಸಿದರು. ವೇಗ 35 ಮೈಲಿಯ ಆಸುಪಾಸಿಗೇ ನಿಂತಿತು. 1961ರ ಡಿಸೆಂಬರಿನಲ್ಲಿ ಯೋಜನೆಗೆ ಬೀಗ ಬಿತ್ತು.

ಸುಮ್ನೆ ನಕ್ಕು ಬಿಡಬಹುದು. ಆದರೆ ಇನ್ನೊಂದು ಮಾತು ಕೇಳಿ. ತಟ್ಟೆ ಎದ್ದ ಆ 1959ರ ಜುಲೈನಲ್ಲಷ್ಟೇ ಇಂಗ್ಲೆಂಡಿನ ಹೋವರ್‌ಕ್ರಾಫ್ಟ್ ಇಂಥದ್ದೇ ಗಾಳಿ ಮೆತ್ತೆಯ ಮೇಲೆ ಕೂತು ಇಂಗ್ಲಿಷ್ ಕಾಲುವೆ ದಾಟಿತ್ತು. ಅಲ್ಲಿ ಅದು ಸಾಧನೆ, ಇಲ್ಲಿ ಸೋಲು. ದುಡ್ಡು ಕೊಟ್ಟವರಿಗೆ ಆಕಾಶವೇ ಬೇಕಿತ್ತು, ಅಲ್ವಾ? ನನ್ನನ್ನು ಕೇಳಿದರೆ ಫ್ರಾಸ್ಟ್ ತಂಡ ಮಾಡಿದ್ದು ಕಡಿಮೆ ಕೆಲಸವೇನಲ್ಲ.

ತಯಾರಾಗಿದ್ದು ಎರಡೇ ಯಂತ್ರ. ಈಗ ಎರಡೂ ಅಮೆರಿಕದಲ್ಲಿವೆ, ಒಂದು ವರ್ಜೀನಿಯಾದಲ್ಲಿ, ಇನ್ನೊಂದು ಓಹಾಯೋದ ಡೇಟನ್‌ನಲ್ಲಿರುವ ವಾಯುಪಡೆ ಮ್ಯೂಸಿಯಂನಲ್ಲಿ. ರಜೆಯಲ್ಲಿ ಆ ಕಡೆ ಕಾರು ತಿರುಗಿಸುವವರು ಮಕ್ಕಳನ್ನು ಡೇಟನ್‌ಗೆ ಕರೆದುಕೊಂಡು ಹೋಗಿ. ಟಿಕೆಟ್ ಇಲ್ಲ.